ಅಕ್ಕನ ಕಾರು ಆಯನೂರು ತಲುಪಿತು, ಭಾವ

ನನ್ನ ಅಕ್ಕನನ್ನು ಮದುವೆಯಾಗಿ, ನನಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ ಭಾವನಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಸರೋಜಕ್ಕ ಕಾರು ಕೊಂಡಿದ್ದಾಳೆ. ಚಿಕ್ಕ ಕಾರು, ಹೊಚ್ಚ ಹೊಸದು, ನೀಲಿ ಬಣ್ಣದ್ದು. ಓಡಿಸುವವಳೂ ಅವಳೇ. ಈಗ ನೀವು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ "ಏನಂದೆ?" ಎಂದು ಕೇಳುತ್ತಿದ್ದೀರಿ, ನನಗೆ ಗೊತ್ತು. ಇನ್ನೊಮ್ಮೆ ಹೇಳುತ್ತೇನೆ. ಐವತ್ತಾರು ವರ್ಷದ ನಿಮ್ಮ ಹೆಂಡತಿ, ಭದ್ರಾವತಿ ನ್ಯೂ ಟೌನಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಸರೋಜ, ತನ್ನ ದುಡಿಮೆಯಲ್ಲಿ ಕೊಂಡ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಾಳೆ, ಬರುತ್ತಾಳೆ. ನೀವು ಹೋಗಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಡೆದದ್ದರಲ್ಲಿ ನಿಮಗೆ ತಿಳಿಯಲೇಬೇಕಾದದ್ದು ಇದೊಂದೇ ಅನ್ನಿಸಿ ಬರೆಯಲು ಕೂತಿದ್ದೇನೆ.

ನಿಮ್ಮ ಡ್ರೈವಿಂಗ್ ಸ್ಕೂಲಿನ ಹಳೆಯ ಕಾರು ನೆನಪಾಗುತ್ತದೆ. ಎರಡು ಬ್ರೇಕಿನ ಕಾರು, ಒಂದು ಕಲಿಯುವವರ ಕಾಲಿಗೆ, ಇನ್ನೊಂದು ನಿಮ್ಮ ಕಾಲಿಗೆ. ಬೆಳಿಗ್ಗೆ ಆರಕ್ಕೆ ಅದು ಕೆಮ್ಮುತ್ತಾ ಹೊರಟರೆ ಕ್ವಾರ್ಟರ್ಸಿನ ಜನ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಫ್ಯಾಕ್ಟರಿಯ ಫಿಟ್ಟರುಗಳು, ಮೇಷ್ಟ್ರುಗಳು, ದೇವಸ್ಥಾನದ ಭಟ್ಟರು, ಆಸ್ಪತ್ರೆಯ ನರ್ಸಮ್ಮಂದಿರು, ಹೀಗೆ ಅರ್ಧ ಊರಿಗೆ ಗೇರು ಹಾಕಲು ಕಲಿಸಿದವರು ನೀವು. ನನಗೆ ಹದಿನೆಂಟು ತುಂಬಿದ ವಾರವೇ ಶಿವಮೊಗ್ಗದಿಂದ ಕರೆಸಿಕೊಂಡು ಕಲಿಸಿದಿರಿ. ಕಲಿಸದೇ ಉಳಿದದ್ದು ಒಬ್ಬರಿಗೆ ಮಾತ್ರ. ಅಕ್ಕ ಕೇಳಿದ ದಿನ ನಾನೂ ಅಲ್ಲಿದ್ದೆ. ಊಟ ಮುಗಿದಿತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ನನಗೂ ಕಲಿಸ್ತೀರಾ?" ಎಂದಳು. ನೀವು ನಕ್ಕಿರಿ. "ಮನೇಲಿ ಒಬ್ಬ ಡ್ರೈವರ್ ಸಾಕು ಮಾರಾಯ್ತಿ" ಎಂದಿರಿ. ನಾನೂ ನಕ್ಕೆ. ಅಕ್ಕ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು ಮತ್ತೆ ಪೋಣಿಸಿದಳು. ಎರಡನೇ ಸಲ ಅವಳು ಕೇಳಲಿಲ್ಲ. ನೀವು ಕೆಟ್ಟವರಾಗಿರಲಿಲ್ಲ ಭಾವ. ನಾನೂ ಅಲ್ಲ. ಆದರೂ ಆ ನಗು...

ನೀವು ಹೋದ ಮೇಲೆ ಬಂದ ಮೊದಲ ಬೇಸಿಗೆ ಅಕ್ಕನಿಗೆ ಕಷ್ಟವಾಯಿತು. ಆಯನೂರಿನ ಒಂದು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಅವಳದಲ್ಲವೇ? ನೀವಿದ್ದಾಗ ಗಂಟುಗಳನ್ನು ಡ್ರೈವಿಂಗ್ ಸ್ಕೂಲಿನ ಕಾರಿಗೆ ತುಂಬಿಕೊಂಡು ನೀವೇ ಕೊಟ್ಟು ಬರುತ್ತಿದ್ದಿರಿ. ಆ ವರ್ಷ ಅವಳು ಬಸ್ಸನ್ನು ನಂಬಿದಳು. ಶಿವಮೊಗ್ಗದವರೆಗೆ ಒಂದು ಬಸ್ಸು, ಅಲ್ಲಿಂದ ಸಾಗರದ ಬಸ್ಸು. ಮೂರು ಗಂಟಿನಲ್ಲಿ ಒಂದು ಬಸ್ಸಿನ ಟಾಪಿನ ಮೇಲೆಯೇ ಉಳಿದು ಸಾಗರದವರೆಗೆ ಹೋಗಿಬಿಟ್ಟಿತು. ಎರಡು ದಿನದ ಮೇಲೆ ಸಿಕ್ಕಾಗ ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಶಾಲೆ ಶುರುವಾದ ದಿನ ಒಂದಿಡೀ ಕ್ಲಾಸಿನ ಮಕ್ಕಳಿಗೆ ಯೂನಿಫಾರ್ಮ್ ಇಲ್ಲ. ಹೆಡ್ ಮಿಸ್ಸು ಅಕ್ಕನನ್ನು ನಿಲ್ಲಿಸಿಕೊಂಡೇ ಹೇಳಿದರಂತೆ: "ನಿಮ್ಮ ಹೊಲಿಗೆ ಚೆನ್ನಾಗಿದೆ ಅಂತ ಇನ್ನೊಂದು ವರ್ಷ ನೋಡ್ತೀನಿ ಸರೋಜಮ್ಮ. ಮತ್ತೆ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ." ಅಕ್ಕನ ಜೊತೆ ಇಬ್ಬರು ಹೆಂಗಸರು ಹೊಲಿಯಲು ಬರುತ್ತಾರೆ. ಆ ಶಾಲೆ ಕೈಬಿಟ್ಟರೆ ಅವರಿಗೆ ಕೊಡಲು ಕೆಲಸವಿರುತ್ತಿರಲಿಲ್ಲ.

ನಿಮ್ಮ ವರ್ಷಾಂತಿಕ ಮುಗಿದು ಕೆಲವು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅಕ್ಕ ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿರುವ ನನ್ನ ಬುಕ್ ಬೈಂಡಿಂಗ್ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ನೇರವಾಗಿ ಮಾತಿಗೆ ಬಂದಳು.

"ಪ್ರಭು, ನಾನೊಂದು ಕಾರ್ ತಗೊಳ್ತೀನಿ."

"ಯಾರು ಓಡಿಸೋದು?"

"ನಾನು."

ಅಂಟು ಹಚ್ಚುತ್ತಿದ್ದ ಬ್ರಷ್ಷನ್ನು ಡಬ್ಬಿಗೆ ಇಳಿಸಿದೆ. "ಅಕ್ಕ, ಗೂಡ್ಸ್ ಆಟೋ ಬಾಡಿಗೆಗೆ ಸಿಗುತ್ತೆ. ವರ್ಷಕ್ಕೆ ನಾಲ್ಕು ಸಲ ಬೀಳೋ ಕೆಲಸಕ್ಕೆ ಕಾರ್ ಯಾಕೆ?"

"ಕೆಲಸ ವರ್ಷಕ್ಕೆ ನಾಲ್ಕು ಸಲ ಇರಬಹುದು ಮಾರಾಯ. ನಾನು ವರ್ಷವಿಡೀ ಇರ್ತೀನಲ್ಲ" ಎಂದಳು.

ಇದಕ್ಕೆ ನೀವಾಗಿದ್ದರೆ ಏನು ಹೇಳುತ್ತಿದ್ದಿರೋ. ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದು ಕಟ್ಟಿಂಗ್ ಮಷೀನಿನ ಮೇಲೆ ಇಟ್ಟಳು. ಕಲಿಯುವವರ ಲೈಸೆನ್ಸು. ಹುಬ್ಬಳ್ಳಿಯಲ್ಲಿರುವ ನಿಮ್ಮ ಮಗಳು ವಿದ್ಯಾ ಫೋನಿನಲ್ಲೇ ಎಲ್ಲ ಹೇಳಿಕೊಟ್ಟು ಅರ್ಜಿ ತುಂಬಿಸಿದ್ದಳಂತೆ. ಅಕ್ಕ ಬಂದದ್ದು ನನ್ನ ಒಪ್ಪಿಗೆ ಕೇಳುವುದಕ್ಕಲ್ಲ, ಶೋರೂಮಿಗೆ ಜೊತೆಯಲ್ಲಿ ಬಾ ಎನ್ನುವುದಕ್ಕೆ.

ಶೋರೂಮಿನ ಆ ಬೆಳಿಗ್ಗೆಯನ್ನು ನೀವು ನೋಡಬೇಕಿತ್ತು. ಸೇಲ್ಸಿನವನು ನನ್ನ ಮುಖ ನೋಡಿಕೊಂಡೇ ಮಾತಾಡುತ್ತಿದ್ದ. "ಬಿಳಿ ತಗೊಳ್ಳಿ ಸಾರ್, ಮುಂದೆ ಮಾರೋವಾಗ ಒಳ್ಳೇದು" ಎಂದ. ಅಕ್ಕ ಬ್ಯಾಗಿನಿಂದ ಒಂದು ದಾರದ ರೀಲು ತೆಗೆದಳು. ನೀಲಿ ಕಾರಿನ ಬಾಗಿಲಿಗೆ ಹಿಡಿದು ನೋಡಿದಳು. "ಈ ಬಣ್ಣದ ದಾರ ನನ್ನ ಹತ್ರ ಇದೆ. ಇದೇ ಇರ್ಲಿ" ಎಂದಳು. ಅವನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಆಮೇಲೆ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದಳು. "ಸದ್ದು ಏನೋ ಹಗುರ ಇದೆಯಲ್ಲ?" ಎಂದು ಕೇಳಿದಳು. ಸಣ್ಣ ಗಾಡಿ ಮೇಡಂ, ಹಗುರ ಇರುತ್ತೆ ಎಂದ ಅವನು. "ಹಗುರ ಇರ್ಲಿ. ಸಡಿಲ ಇರಬಾರ್ದು" ಎಂದಳು ಅಕ್ಕ. ಅಲ್ಲಿಂದ ಮುಂದೆ ಅವನು ನನ್ನ ಕಡೆ ತಿರುಗಲೇ ಇಲ್ಲ.

ಕಾರು ಕೈಗೆ ಬಂದ ದಿನ ಅದನ್ನು ಭದ್ರಾವತಿಗೆ ಓಡಿಸಿಕೊಂಡು ಬಂದವನು ನಾನು. ನಿಮಗೆ ಅದರ ಗುಣಾವಗುಣ ಹೇಳದಿದ್ದರೆ ಪತ್ರ ಬರೆದೂ ಏನು ಪ್ರಯೋಜನ? ಇಂಜಿನ್ನಿಗೆ ಸದ್ದೇ ಇಲ್ಲ ಭಾವ. ಸಿಗ್ನಲ್ಲಿನಲ್ಲಿ ಆಫ್ ಆಗಿದೆ ಎಂದುಕೊಂಡು ಮತ್ತೊಮ್ಮೆ ಕೀ ತಿರುಗಿಸಿ ಕರ್ರೆನ್ನಿಸಿದೆ. ಸ್ಟಿಯರಿಂಗು ಒಂದೇ ಬೆರಳಿಗೆ ತಿರುಗುತ್ತದೆ, ನಿಮ್ಮ ಹಳೆಯ ಕಾರಿನಲ್ಲಿ ತಿರುವು ಬಂದರೆ ಭುಜ ಕೊಡಬೇಕಿತ್ತಲ್ಲ. ಹಾರ್ನು ಮಾತ್ರ ನೆಗಡಿಯಾದ ಮೇಕೆಯಂತಿದೆ. ಡಿಕ್ಕಿಯಲ್ಲಿ ಎರಡು ಗಂಟು ಹಿಡಿಯುತ್ತದೆ, ಮೂರನೆಯದು ಹಿಂದಿನ ಸೀಟಿಗೆ. ರಿವರ್ಸ್ ಹಾಕಿದರೆ ಮುಂದಿನ ಪರದೆಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ. "ಕತ್ತು ಯಾಕೆ ಕೊಟ್ಟಿದ್ದಾನೆ ದೇವರು" ಎಂದು ನೀವು ಅನ್ನುತ್ತಿದ್ದಿರಿ, ಖಂಡಿತ. ಮನೆ ಮುಟ್ಟಿದ ಮೇಲೆ, ಸೀಟಿನ ಪ್ಲಾಸ್ಟಿಕ್ಕು ಆರು ತಿಂಗಳು ಇರಲಿ, ಸೀಟು ಹೊಸದಾಗಿರುತ್ತೆ ಎಂದೆ. ಅಕ್ಕ ಕತ್ತರಿ ತಂದಳು. "ಹೊಸ ಸೀರೆ ಉಟ್ಕೊಂಡು ಮೇಲೆ ಪ್ಲಾಸ್ಟಿಕ್ ಸುತ್ಕೊಳ್ತಾರೇನೋ?" ಎಂದು ಚರಚರ ಕತ್ತರಿಸಿ ಎಳೆದಳು. ಒಳಗಿಂದ ಹೊಸ ಬಟ್ಟೆಯ ಥಾನು ಬಿಚ್ಚಿದಂಥ ವಾಸನೆ ಬಂತು. ಅವಳು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬಳೇ ಒಳಗೆ ಕೂತಿದ್ದಳು. ನಾನು ಹೊರಗೆ ನಿಂತಿದ್ದೆ.

ಕಲಿಸುವ ಕೆಲಸ ನನ್ನ ತಲೆಗೇ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಕೋಟೆಯಿಂದ ಹೊರಟು ಬರುತ್ತಿದ್ದೆ. ನ್ಯೂ ಟೌನಿನ ಖಾಲಿ ಕ್ವಾರ್ಟರ್ಸುಗಳ ನಡುವಿನ ರಸ್ತೆ, ಎರಡೂ ಕಡೆ ದೊಡ್ಡ ಮರಗಳು, ಎದುರಿಗೆ ಬಂದರೆ ಒಂದು ಹಸು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಆದರೆ ಕಲಿಸುವವನು ಸರಿಯಿರಬೇಕಲ್ಲ. ನೀವು ನನಗೆ ಕಲಿಸುವಾಗ ಕೂಗುತ್ತಿದ್ದಿರಿ. ಕಲಿಸುವುದೆಂದರೆ ಅದೇ ಎಂದು ನಾನು ತಿಳಿದಿದ್ದೆ. "ಕ್ಲಚ್ಚು, ಕ್ಲಚ್ಚು, ಎಲ್ಲಿ ನೋಡ್ತಾ ಇದೀಯಾ, ಕಣ್ಣು ರಸ್ತೆ ಮೇಲೆ" ಎಂದು ನಿಮ್ಮದೇ ಮಾತನ್ನು ನಿಮ್ಮದೇ ದನಿಯಲ್ಲಿ ಕೂಗುತ್ತಿದ್ದೆ. ಮೂರನೇ ಭಾನುವಾರ ಅಕ್ಕ ರಸ್ತೆಯ ಮಧ್ಯೆ ಗಾಡಿ ನಿಲ್ಲಿಸಿದಳು. "ಅವರ ಹಾಗೆ ಕೂಗಬೇಡ ಪ್ರಭು. ನೀನು ಅವರಲ್ಲ" ಎಂದಳು. ಅವತ್ತಿಗೆ ಸುಮ್ಮನಾದೆ. ಮುಂದಿನ ವಾರ ಮತ್ತೆ ಅದೇ.

ಟೆಸ್ಟಿನ ದಿನದ್ದು ಬರೆಯಲು ನಾಚಿಕೆಯಾಗುತ್ತದೆ. ಶಿವಮೊಗ್ಗದ ಟೆಸ್ಟ್ ಮೈದಾನದಲ್ಲಿ ಬಿಸಿಲು ಉರಿಯುತ್ತಿತ್ತು. ಮುಂದಕ್ಕೆ ಹೋಗುವುದನ್ನೆಲ್ಲ ಅಕ್ಕ ಸರಿಯಾಗಿಯೇ ಮಾಡಿದಳು. ರಿವರ್ಸಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಟ್ಟಳು. ಗಾಡಿ ಅಡ್ಡಕ್ಕೆ ಸರಿದು ಹಿಂದಿನ ಕಂಬಕ್ಕೆ ತಗುಲಿತು. ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ, "ಇನ್ನೊಂದ್ಸಲ ಬನ್ನಿ ಅಮ್ಮ, ಗಾಬರಿ ಬೇಡ" ಎಂದರು. ಕೂಗಿದವನು ನಾನು. ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳುವಂತೆ, "ಎಷ್ಟು ಸಲ ಹೇಳಿದೀನಿ ಕನ್ನಡಿ ನೋಡು ಅಂತ" ಎಂದೆ. ಅಕ್ಕ ಇಳಿದಳು. ಕೀ ತಂದು ನನ್ನ ಕೈಗೆ ಹಾಕಿದಳು. ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದಳು. ಅವಳ ಕಾರನ್ನು ನಾನು ಒಬ್ಬನೇ ಭದ್ರಾವತಿಗೆ ಓಡಿಸಿಕೊಂಡು ಹೋದೆ. ದಾರಿಯಲ್ಲಿ ಅವಳಿದ್ದ ಬಸ್ಸನ್ನು ಹಿಂದೆ ಹಾಕಿದೆನೋ ಏನೋ...

ಮೂರು ವಾರ ಕಾರು ಹೊರಗೆ ಬರಲಿಲ್ಲ. ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ಅಕ್ಕ ಅದಕ್ಕೊಂದು ಹೊದಿಕೆ ಹೊಲಿದು ಹೊದಿಸಿದ್ದಳು. ಕ್ಷಮೆ ಕೇಳೋಣ ಎಂದು ಒಂದು ದಿನ ಹೋದೆ. ಕೇಳಲು ಬಾಯಿ ಬರದೆ, ಗಾಡಿ ಸ್ಟಾರ್ಟ್ ಮಾಡಿ ನೋಡ್ತೀನಿ ಎಂದೆ. ಕೀ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೇ. ಓಡಿಸದೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿದು ಹೋಗಿತ್ತು. ವಾರಕ್ಕೊಮ್ಮೆಯಾದರೂ ಗಾಡಿ ಉಸಿರಾಡಬೇಕು ಎಂದು ನೀವು ಎಷ್ಟು ಜನಕ್ಕೆ ಹೇಳಿಲ್ಲ? ನಾನು ಹೊದಿಕೆಯನ್ನು ಅರ್ಧ ಮಾತ್ರ ಸರಿಸಿ, ಬಾನೆಟ್ ಎತ್ತಿ ಮುಖ ಒಳಗೆ ಹಾಕಿಕೊಂಡು ನಿಂತಿದ್ದಾಗ ಸೆಲ್ವಿ ಬಂದಳು.

ಸೆಲ್ವಿಯನ್ನು ನೀವು ಮರೆತಿರಲಾರಿರಿ. ನಿಮ್ಮ ಹತ್ತಿರ ಕಲಿತವಳು, ಈಗ ತರಕಾರಿಯ ಗೂಡ್ಸ್ ಗಾಡಿ ಓಡಿಸುತ್ತಾಳೆ, ಗಾಡಿ ಅವಳದ್ದೇ. ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ಹೊದಿಕೆ ನೋಡಿ ಬಾಗಿಲಲ್ಲೇ ನಿಂತಳು.

"ಏನಕ್ಕಾ ಇದು, ಹೊಸಾ ಗಾಡಿಗೆ ಜ್ವರ ಬಂದೋರ ತರ ಹೊದ್ಸಿ ಮಲಗ್ಸಿದೀರಾ?"

"ನನ್ನ ಕೈಲಿ ಆಗಲ್ಲ ಸೆಲ್ವಿ" ಎಂದಳು ಅಕ್ಕ. ಅಷ್ಟು ಸಣ್ಣ ದನಿಯನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

"ಸಾರ್ ಮನೇಲಿ ಗಾಡಿ ಬರಲ್ಲ ಅಂದ್ರೆ ಯಾರಕ್ಕಾ ನಂಬ್ತಾರೆ? ನನ್ಗೆ ಸಾರೇ ಅಲ್ವಾ ಕಲ್ಸಿದ್ದು. ನಮ್ಮೆಜಮಾನ ಬಿಟ್ಟೋಗಿದ್ದ ಟೈಮು. ಸ್ಟಿಯರಿಂಗ್ ಮುಟ್ಟುದ್ರೆ ಅಳು ಬರೋದು ನನ್ಗೆ. ಸಾರ್ ಒಂದಿನಾನೂ ಬೈದಿಲ್ಲ."

ಅಕ್ಕ ಅಳತೆಯ ಟೇಪು ಹಿಡಿದ ಕೈಯನ್ನು ಕೆಳಗಿಳಿಸಿದಳು. "ಬೈದಿಲ್ವಾ?"

"ಇಲ್ಲಕ್ಕಾ. ಗಾಡಿಗೆ ಅವಸರ ಇಲ್ಲಮ್ಮ, ನಿನಗ್ಯಾಕೆ ಅವಸರ ಅನ್ನೋರು. ಅಷ್ಟೇ. ಆಮೇಲೆ ಕಿಟಕಿ ಕಡೆ ತಿರುಕ್ಕೊಂಡು ಕೂತಿರೋರು, ನಾನ್ ಅಳು ಮುಗ್ಸೋ ಗಂಟ."

ಹೊರಗಿನವಳಿಗೆ ಅಷ್ಟು ತಾಳ್ಮೆಯಿಂದ ಕಲಿಸಿದ ನೀವು ಮನೆಯವಳನ್ನು... ಅಕ್ಕ ಈಗ ಅಳುತ್ತಾಳೆ, ಇಲ್ಲವೇ ನಿಮ್ಮನ್ನು ಬೈಯುತ್ತಾಳೆ ಎಂದು ಕಾದೆ. ಅವಳು ಎರಡೂ ಮಾಡಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಹೇಳಿದಳು: "ಹಾಗಿದ್ರೆ ಅವರು ನಿನಗೆ ಕಲಿಸಿದ್ದನ್ನ ನೀನು ನನಗೆ ಕಲಿಸು."

ಬ್ಯಾಟರಿಯನ್ನು ನಾನು ಚಾರ್ಜ್ ಮಾಡಿಸಿಕೊಟ್ಟೆ, ಮರುದಿನದಿಂದಲೇ ಪಾಠ ಶುರುವಾಯಿತು. ಸೆಲ್ವಿ ಮಾರ್ಕೆಟ್ಟಿನ ಕೆಲಸ ಮುಗಿಸಿ ಹತ್ತು ಗಂಟೆಗೆ ಬರುತ್ತಿದ್ದಳು. ಮೊದಲ ದಿನ ಅವಳು ಕಾರಿನ ಹತ್ತಿರ ಹೋಗಲೇ ಇಲ್ಲವಂತೆ. ಅಕ್ಕನನ್ನು ಹೊಲಿಗೆ ಮಷೀನಿನ ಮುಂದೆ ಕೂರಿಸಿದಳಂತೆ. "ಜಾರೋ ಬಟ್ಟೆ ಮೇಲೆ ಮೊದಲ್ನೇ ಹೊಲಿಗೆ ಹಾಕ್ವಾಗ ಕಾಲು ಹೆಂಗಿಡ್ತೀರಾ ಅಕ್ಕಾ? ಹಾ, ಹಂಗೇ. ಕ್ಲಚ್ಚನ್ನೂ ಹಂಗೇ ಬಿಡಿ" ಎಂದಳಂತೆ. ಮೂವತ್ತು ವರ್ಷ ಮಷೀನು ತುಳಿದ ಕಾಲಿಗೆ ಆ ಮಾತು ಒಂದೇ ಸಲಕ್ಕೆ ಅರ್ಥವಾಯಿತು. ಇದು ನಿಮಗೆ ಹೊಳೆಯುತ್ತಿತ್ತೇ? ನನಗಂತೂ ಹೊಳೆಯಲಿಲ್ಲ. ಎರಡನೇ ಟೆಸ್ಟಿನ ದಿನ ನಾನು ಮೈದಾನದ ಗೇಟಿನ ಹೊರಗೆ, ಎಳನೀರಿನವನ ಹತ್ತಿರ ನಿಂತಿದ್ದೆ. ಅಕ್ಕನದೇ ಷರತ್ತು. ಒಳಗಿಂದ ಸೆಲ್ವಿ ಎರಡೂ ಕೈ ಮೇಲೆತ್ತಿಕೊಂಡು ಬರುವುದು ಕಂಡಿತು. ಹಿಂದೆ ಅಕ್ಕ ಏನೂ ನಡೆದೇ ಇಲ್ಲವೆಂಬಂತೆ ಸೆರಗು ಸರಿಮಾಡಿಕೊಳ್ಳುತ್ತಾ ಬರುತ್ತಿದ್ದಳು. ಆಗಲೇ ನಾನು ಕ್ಷಮೆ ಕೇಳಿದೆ. "ಎಳನೀರು ಕೊಡ್ಸು" ಎಂದಳು.

ಇನ್ನು ಆಯನೂರಿನ ದಿನ. ಶಾಲೆ ಶುರುವಾಗುವುದಕ್ಕೆ ಒಂದೇ ದಿನ ಉಳಿದಿತ್ತು. ಗಂಟುಗಳನ್ನು ಒಯ್ಯಲು ನಾನೇ ಬರುತ್ತೇನೆ ಎಂದಿದ್ದೆ. ಲೈಸೆನ್ಸು ಬಂದಿದ್ದರೂ ಅಕ್ಕ ನ್ಯೂ ಟೌನು ಬಿಟ್ಟು ಒಬ್ಬಳೇ ಹೋಗಿರಲಿಲ್ಲ. ಆದರೆ ಹಿಂದಿನ ದಿನ ಕಾಗದ ತರಲು ದಾವಣಗೆರೆಗೆ ಹೋದವನು ಅಲ್ಲೇ ಜ್ವರ ಬಂದು ಮಲಗಿಬಿಟ್ಟೆ. ಬೆಳಿಗ್ಗೆ ಫೋನ್ ಮಾಡಿ, ಸೆಲ್ವಿಗೆ ಹೇಳು ಎಂದೆ. ಸೆಲ್ವಿಯ ಗಾಡಿ ಆಗಲೇ ತರೀಕೆರೆ ದಾರಿಯಲ್ಲಿತ್ತು. "ಆಯ್ತು, ನೋಡ್ತೀನಿ. ನೀನು ಮಾತ್ರೆ ತಗೋ" ಎಂದು ಅಕ್ಕ ಫೋನಿಟ್ಟಳು. ಏನು ನೋಡುತ್ತಾಳೆ ಎಂದು ನಾನು ಕೇಳಲಿಲ್ಲ.

ಆಮೇಲಿನದು ಅವಳೇ ಹೇಳಿದ್ದು. ಎರಡು ಗಂಟು ಡಿಕ್ಕಿಗೆ, ಒಂದು ಹಿಂದಿನ ಸೀಟಿಗೆ. ಅಂಗಡಿಯ ಹೆಂಗಸರಿಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಮಾಚೇನಹಳ್ಳಿಯವರೆಗೆ ಲಾರಿಗಳ ಹಿಂದೆಯೇ ಹೋದಳು, ಒಂದನ್ನೂ ದಾಟಲಿಲ್ಲ. ಶಿವಮೊಗ್ಗದಲ್ಲಿ ತುಂಗೆಯ ಸೇತುವೆಗೆ ಹತ್ತುವ ಕಡೆ ಸಾಲು ನಿಂತಿತು. ಮುಂದಿನ ಗಾಡಿ ಹೊರಟಾಗ ಅಕ್ಕನ ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದಳು, ಹಿಂದಕ್ಕೆ ಜಾರಿತು, ಮತ್ತೆ ಆಫ್. ಹಿಂದೆ ಬಸ್ಸಿನ ಹಾರ್ನು, ಬೈಕಿನವರ ಬೈಗುಳ. "ಕಣ್ಣು ಕತ್ತಲೆ ಬಂತು ಪ್ರಭು. ಕೀ ಅಲ್ಲೇ ಬಿಟ್ಟು ಇಳಿದು ಹೋಗೋಣ ಅನ್ನಿಸ್ತು" ಎಂದಳು. ಟ್ರಾಫಿಕ್ ಪೊಲೀಸಿನವರು ಬಂದು ಗಾಜು ತಟ್ಟಿದರು. ಅಕ್ಕ ಗಾಜು ಇಳಿಸಿ, "ಸಾರ್, ನಾನು ಒಬ್ಬಳೇ ಬಂದಿರೋದು ಇದೇ ಮೊದಲು. ಎರಡು ನಿಮಿಷ ಕೊಡಿ" ಎಂದಳಂತೆ. ಆ ಮನುಷ್ಯ ಒಂದು ಗಳಿಗೆ ಅವಳನ್ನು ನೋಡಿದರು. ಹಿಂದೆ ತಿರುಗಿ ಕೈ ಅಡ್ಡ ಹಿಡಿದು ಅಷ್ಟೂ ಸಾಲನ್ನು ನಿಲ್ಲಿಸಿದರು. "ತಗೊಳ್ಳಿ ಅಮ್ಮ, ನಿಧಾನ ಮಾಡಿ." ಅವಳು ಹ್ಯಾಂಡ್ ಬ್ರೇಕ್ ಎಳೆದು, ಉಸಿರು ಬಿಟ್ಟು, ಜಾರುವ ಬಟ್ಟೆಯ ಮೇಲೆ ಮೊದಲ ಹೊಲಿಗೆ ಹಾಕಿದಂತೆ ಕ್ಲಚ್ಚು ಬಿಟ್ಟಳು. ಕಾರು ಸೇತುವೆ ಹತ್ತಿತು.

ಅಲ್ಲಿಂದ ಸಾಗರ ರಸ್ತೆ. ತ್ಯಾವರೆಕೊಪ್ಪ ದಾಟಿದ ಮೇಲೆ ಮರಗಳ ನಡುವೆ ರಸ್ತೆ ಖಾಲಿಯಾಯಿತಂತೆ. ನಾಲ್ಕನೇ ಗೇರಿಗೆ ಹಾಕಿದಳಂತೆ, ಜೀವನದಲ್ಲಿ ಮೊದಲ ಸಲ. "ಗಾಡಿ ತಾನೇ ಹಾಡ್ತಾ ಇತ್ತು ಕಣೋ, ಗುಂಯ್ ಅಂತ. ನಾನೂ ಹಾಡ್ದೆ" ಎಂದಳು. ಯಾವ ಹಾಡು ಎಂದರೆ ಹೇಳಲೊಲ್ಲಳು. ಅವಳು ಹಾಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ಶಾಲೆಯ ಅಂಗಳದಲ್ಲಿ ಹೆಡ್ ಮಿಸ್ಸು ನಿಂತಿದ್ದರು. ಟೀಚರುಗಳೆಲ್ಲ ತೋರಣ ಕಟ್ಟುತ್ತಿದ್ದರು. ಕಾರು ಬಂದು ನಿಂತದ್ದನ್ನು ನೋಡಿ ಹತ್ತಿರ ಬಂದವರು ಒಳಗೆ ಬಗ್ಗಿ, ಆ ಕಡೆ ಈ ಕಡೆ ನೋಡಿದರಂತೆ. "ಡ್ರೈವರ್ ಎಲ್ಲಿ ಸರೋಜಮ್ಮ?"

"ನಾನೇ ಮಿಸ್."

"ಭದ್ರಾವತಿಯಿಂದ?"

"ಹೌದು ಮಿಸ್. ಗಂಟು ಎಲ್ಲಿ ಇಳಿಸ್ಲಿ?"

ಸ್ಟೋರ್ ರೂಮು ಅಂಗಳದ ತುದಿಯಲ್ಲಿತ್ತು. ಡಿಕ್ಕಿ ಬಾಗಿಲಿಗೆ ಹತ್ತಿರವಾಗಬೇಕೆಂದರೆ ಗಾಡಿ ಹಿಂದಕ್ಕೆ ಹೋಗಬೇಕು, ಎರಡು ಕಡೆ ಹೂವಿನ ಕುಂಡಗಳ ಸಾಲು. ಅಕ್ಕ ಇಳಿದು ಒಂದು ಸಲ ನಡೆದು ನೋಡಿ ಬಂದಳು. ಹತ್ತಿ ಕೂತು, ಕನ್ನಡಿ ನೋಡಿ, ಕತ್ತು ತಿರುಗಿಸಿ, ಒಂದೇ ಏಟಿಗೆ ರಿವರ್ಸ್ ತೆಗೆದುಕೊಂಡು ಹೋಗಿ ಬಾಗಿಲಿಗೆ ನಿಲ್ಲಿಸಿದಳು. ಒಂದು ಕುಂಡವೂ ಅಲುಗಲಿಲ್ಲ. ತೋರಣ ಕಟ್ಟುತ್ತಿದ್ದ ಟೀಚರೊಬ್ಬರು ಚಪ್ಪಾಳೆ ತಟ್ಟಿದರಂತೆ, ಆಮೇಲೆ ಎಲ್ಲರೂ. ಹೆಡ್ ಮಿಸ್ಸು ಚಪ್ಪಾಳೆ ತಟ್ಟಲಿಲ್ಲ. ಗಂಟು ಬಿಚ್ಚಿ, ಒಂದು ಅಂಗಿಯ ಕಾಲರು ಎಳೆದು ನೋಡಿ, "ಸ್ಪೋರ್ಟ್ಸ್ ಡ್ರೆಸ್ಸಿನದ್ದೂ ಅಳತೆ ತಗೊಂಡು ಹೋಗಿ" ಎಂದರು. ಅಲ್ಲಿಂದಲೇ ಅಕ್ಕ ನನಗೆ ಫೋನ್ ಮಾಡಿದ್ದು. "ಆಯನೂರಲ್ಲಿದ್ದೀನಿ" ಎಂದಳು. ಯಾರ ಜೊತೆ ಎಂದೆ. "ಕಾರಿನ ಜೊತೆ" ಎಂದಳು. ಜ್ವರದಲ್ಲಿ ಎದ್ದು ಕೂತು ನಕ್ಕೆ ಭಾವ. ಈ ಸಲದ ನಗು ಬೇರೆ.

ಗಾಡಿ ಹೇಗೆ ನೋಡಿಕೊಳ್ಳುತ್ತಾಳೆ ಎಂದು ನೀವು ಕೇಳಿಯೇ ಕೇಳುತ್ತೀರಿ. ನಿಮಗಿಂತ ಚೆನ್ನಾಗಿ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸರ್ವೀಸಿಗೆ ಜೊತೆಯಲ್ಲಿ ಹೋಗಿದ್ದೆ. ಅಲ್ಲಿಯವರು ಕಾಗದ ನನ್ನ ಕೈಗೆ ಕೊಡಲು ಬಂದರು. "ಗಾಡಿ ನಂದು. ನನ್ನ ಹತ್ರ ಮಾತಾಡಿ" ಎಂದಳು ಅಕ್ಕ. ಕಾಯುವ ಕೋಣೆಯಲ್ಲಿ ಟಿವಿ ನೋಡದೆ, ಗಾಜಿನ ಈಚೆ ನಿಂತು ಅವರು ಎಣ್ಣೆ ಬದಲಿಸುವುದನ್ನು ಮುಗಿಯುವವರೆಗೆ ನೋಡಿದಳು. ಹದಿನೈದು ದಿನಕ್ಕೊಮ್ಮೆ ಗಾಳಿ ಹಿಡಿಸುತ್ತಾಳೆ, ಸ್ಟೆಪ್ನಿಗೂ ಸೇರಿಸಿ. ಒರೆಸಲು ಹಳೆಯ ಕಾಟನ್ ಲಂಗದ ತುಂಡು, ಗಾಜಿಗೆ ಬೇರೆ, ಮೈಗೆ ಬೇರೆ. ಆ ನೀಲಿ ದಾರದಿಂದ ಸೀಟಿನ ಕವರು ತಾನೇ ಹೊಲಿದಿದ್ದಾಳೆ, ಅಂಗಡಿಯಲ್ಲಿ ಕೊಂಡದ್ದೆಂದೇ ಎಲ್ಲರೂ ತಿಳಿಯುತ್ತಾರೆ. ಆಗಸ್ಟಿನಲ್ಲಿ ಇಲಿಯೊಂದು ಬಾನೆಟ್ಟಿನೊಳಗೆ ಸೇರಿ ಹಾರ್ನಿನ ವೈರು ಕಡಿಯಿತು. ಅಕ್ಕ ಹೊಗೆಸೊಪ್ಪನ್ನು ಸಣ್ಣ ಬಟ್ಟೆಯ ಚೀಲಗಳಲ್ಲಿ ಹೊಲಿದು ಇಂಜಿನ್ನಿನ ಮೂಲೆಗಳಲ್ಲಿ ಕಟ್ಟಿದಳು. ಇಲಿ ಮತ್ತೆ ಬರಲಿಲ್ಲ. ಈಗ ಸೆಲ್ವಿಯ ಗೂಡ್ಸ್ ಗಾಡಿಯಲ್ಲೂ ಅದೇ ಚೀಲ.

ಒಮ್ಮೆ ಹೀಗೆ ಗಾಡಿ ತೊಳೆಯುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಅಕ್ಕ, ಭಾವ ಕಲಿಸಲಿಲ್ಲ ಅಂತ ನಿನಗೆ ಸಿಟ್ಟಿಲ್ವಾ?" ಅವಳು ಚಕ್ರದ ಮಣ್ಣನ್ನು ಉಜ್ಜುತ್ತಾ ಇದ್ದಳು. "ಇತ್ತು. ತುಂಬಾ ವರ್ಷ ಇತ್ತು" ಎಂದಳು. ಸ್ವಲ್ಪ ನೀರು ಹೊಯ್ದಳು. "ಸೇತುವೆ ಮೇಲೆ ಗಾಡಿ ಹತ್ತಿತಲ್ಲ, ಅವತ್ತು ಅವರನ್ನ ನೆನೆಸ್ಕೊಂಡೆ. ಇದ್ದಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ ಅನ್ನಿಸ್ತು. ಸಿಟ್ಟಿದ್ರೆ ಹಾಗೆ ಅನ್ನಿಸುತ್ತೇನೋ?" ಇದನ್ನು ನಿಮಗೆ ತಲುಪಿಸಬೇಕೆಂದೇ ಇಷ್ಟುದ್ದ ಬರೆದೆ.

ಹೋದ ತಿಂಗಳ ಮಾತು ಇನ್ನೊಂದಿದೆ. ಅಕ್ಕ ಕೋಟೆಗೆ ಬಂದಿದ್ದಳು, ಊಟಕ್ಕೆ. ಎಲೆ ಎತ್ತುವಾಗ ನನ್ನ ಹೆಂಡತಿ ಗೀತಾ ಅವಳನ್ನು ಕೇಳಿದಳು, ನನ್ನನ್ನಲ್ಲ. "ಅತ್ತಿಗೆ, ನನಗೂ ಕಲಿಸ್ತೀರಾ?" ನನ್ನ ಕೈ ಎಲೆಯ ಮೇಲೆಯೇ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಇವಳಿಗೆ ಕಾರು ಓಡಿಸುವ ಆಸೆಯಿದೆಯೇ ಎಂದು ನಾನು ಕೇಳಿರಲಿಲ್ಲ. ಇವಳೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಎಡೆಕೊಟ್ಟಿದ್ದೆನೇ? ಅಕ್ಕ ನನ್ನ ಮುಖ ನೋಡಿದಳು. ನಾನು ನಗಲಿಲ್ಲ. "ಅರ್ಜಿ ನಾನೇ ತುಂಬಿಸ್ತೀನಿ" ಎಂದೆ.

ಭಾನುವಾರ ಬೆಳಿಗ್ಗೆ ನ್ಯೂ ಟೌನಿನ ಆ ಮರಗಳ ರಸ್ತೆಯಲ್ಲಿ ಗೀತಾ ಸ್ಟಿಯರಿಂಗಿನ ಮುಂದೆ ಕೂತಳು. ಮುಂದೆ ಹಿಂದೆ ಕೆಂಪು ಎಲ್ ಬೋರ್ಡು, ಪಕ್ಕದಲ್ಲಿ ಅಕ್ಕ, ಹಿಂದಿನ ಸೀಟಿನಲ್ಲಿ ನಾನು. ಬಾಯಿ ತೆರೆದರೆ ಇಳಿಸಿಬಿಡುವುದಾಗಿ ಮೊದಲೇ ಹೇಳಿದ್ದರು. ಮೂರು ಸಲ ಗಾಡಿ ಆಫ್ ಆಯಿತು. ಅಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು, ಅವಸರವೇ ಇಲ್ಲದವಳಂತೆ. ನಾಲ್ಕನೇ ಸಲ ಗೀತಾ ತುಟಿ ಕಚ್ಚಿಕೊಂಡು ಕ್ಲಚ್ಚು ಬಿಟ್ಟಳು. ಕಾರು ಹೊರಟಿತು ಭಾವ. ಕ್ವಾರ್ಟರ್ಸಿನ ಕೊನೆಯ ಮನೆಯವರೆಗೂ ನಿಲ್ಲದೆ ಹೋಯಿತು. ಅಲ್ಲಿ ಸುಸ್ತಾಗಿ ನಿಲ್ಲಿಸುತ್ತಾಳೆ ಎಂದುಕೊಂಡೆ. ಅವಳು ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದಳು.

ನಿಮ್ಮ,
ಪ್ರಭು